ಗಿಡದ ಮರೆಯಲ್ಲಿ ನಿಲ್ಲಿಸಿದ ಕಾರು

ಕೆನಡಾಕ್ಕೆ ಬರುವ ಮೊದಲು ನಾನು ಕೊಲ್ಲಿಯ ಮರುಭೂಮಿಯಲ್ಲಿ ಹೆದ್ದಾರಿಯುದ್ದಕ್ಕೂ ಗಿಡ ನೆಡಿಸುವ ಕೆಲಸದಲ್ಲಿದ್ದೆ. ಸಾಲು ಗಿಡಗಳಿಗೆ ಬಡಿದರೆ ಗಾಳಿಯ ಸೊಕ್ಕು ಮುರಿಯುತ್ತದೆ. ಹೊತ್ತು ತಂದ ಮರಳನ್ನು ಗಿಡಗಳ ಹಿಂದೆಯೇ ಚೆಲ್ಲುತ್ತದೆ. ಆಚೆಗೆ ದೂರದಲ್ಲಿರುವ ರಸ್ತೆ ಮರಳಲ್ಲಿ ಹೂಳದೆ ಉಳಿಯುತ್ತದೆ. ನೆರಳಿಗೆ ಹುಲ್ಲು ಬಂತು, ಹಕ್ಕಿಗಳು ಬಂದವು. ಬೋರಿನ ನೀರು ಮಾತ್ರ ವರ್ಷ ವರ್ಷಕ್ಕೂ ಉಪ್ಪಾಯಿತು. ಬ್ರ್ಯಾಂಪ್ಟನ್ನಿನಲ್ಲಿ ಗೋದಾಮಿನ ಶಿಫ್ಟು ಮಾಡುವಾಗಲೂ ಸಿಕ್ಕವರಿಗೆಲ್ಲ ಇದನ್ನೇ ಕೊರೆಯುತ್ತಿದ್ದೆ.

2018ರ ಫೆಬ್ರವರಿಯ ಒಂದು ಮಧ್ಯಾಹ್ನ, ಉತ್ತರದ ಹಳ್ಳಿಗಾಡಿನಲ್ಲಿರುವ ಗೆಳೆಯರ ಮನೆಯಿಂದ ಹೆಂಡತಿ ಮತ್ತು ಏಳು ವರ್ಷದ ಮಗಳೊಂದಿಗೆ ವಾಪಸಾಗುತ್ತಿದ್ದೆ. ಬಯಲಲ್ಲಿ ಗಾಳಿ ಎದ್ದು ಹಿಮ ಹಾರತೊಡಗಿತು. ಕಾರಿನ ಮೂತಿಯೂ ಕಾಣದಾಯಿತು. ಹಿಂದಿನಿಂದ ಟ್ರಕ್ಕು ಬಂದು ಗುದ್ದೀತೆಂದು ರಸ್ತೆಯಲ್ಲೇ ನಿಲ್ಲಿಸಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಗಾಳಿ ಒಂದು ಕ್ಷಣ ತಗ್ಗಿ, ಹೊಲದೊಳಗೆ ಗಾಳಿ ತಡೆಯಲು ನೆಟ್ಟ ಸ್ಪ್ರೂಸ್ ಗಿಡಗಳ ಸಾಲು ಮಸುಕಾಗಿ ಕಂಡಿತು. ಹೊಲದ ದಾರಿಗೆ ಇಳಿದು ಅವುಗಳ ಮರೆಗೇ ಕಾರು ಒಯ್ದು ನಿಲ್ಲಿಸಿದೆ. ಗಾಳಿ ಥಟ್ಟನೆ ಅಡಗಿತು.

“ನೋಡು, ಗಿಡದ ಆಸರಾ ಅಂದ್ರ ಹಿಂಗ,” ಎಂದೆ.

“ಶುರುವಾತು ನಿಮ್ಮ ಪುರಾಣ,” ಎಂದಳು ಹೆಂಡತಿ.

ಹೀಟರಿಗಾಗಿ ಎಂಜಿನ್ ಚಾಲೂ ಇಟ್ಟಿದ್ದೆ. ಸುಮಾರು ಹೊತ್ತಾದ ಮೇಲೆ ಅವಳು, “ಯಾಕೋ ತಲಿ ಭಾರ ಆಗೇತ್ರಿ,” ಎಂದಳು. ಹಿಂದಿನ ಸೀಟಿನಲ್ಲಿ ಮಗಳು, “ಅಪ್ಪಾ, ಐ ಆಮ್ ಸೋ ಸ್ಲೀಪಿ,” ಎಂದು ವಾಲಿದಳು.

ಹೊರಗೆ ನೋಡಿದೆ. ಹಿಮ ಅರ್ಧ ಬಾಗಿಲಿಗೆ ಬಂದಿತ್ತು. ಆ ದಿಬ್ಬದ ಆಕಾರ ನನಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ತನ್ನ ಹೊರೆ ಇಳಿಸುವ ಜಾಗದಲ್ಲೇ ನಾವು ಕೂತಿದ್ದೆವು. ಕಾರಿನ ಹೊಗೆಕೊಳವೆ ಹಿಮದಲ್ಲಿ ಹೂತು, ಕಣ್ಣಿಗೆ ಕಾಣದ ವಿಷಗಾಳಿ ಒಳಗೇ ಬರುತ್ತಿತ್ತು.

ಕಿಟಕಿ ಇಳಿಸಿ ಎಂಜಿನ್ ಆರಿಸಿದೆ. ಬಾಗಿಲು ಅಲುಗಲಿಲ್ಲ. ಮಗಳನ್ನು ಕೂಗಿದೆ, ಓಗೊಡಲಿಲ್ಲ. ಎಂದೂ ಕೈಯೆತ್ತದ ನಾನು ಅವಳ ಕೆನ್ನೆಗೆ ಹೊಡೆದೆ. ಕಣ್ಣು ತೆರೆಯಲಿಲ್ಲ. ಸತ್ತೇಹೋದಳು ಎಂದುಕೊಂಡೆ. ಕಿಟಕಿಯಿಂದ ಅವಳನ್ನು ಹೊರಗೆಳೆದು ಎತ್ತಿಕೊಂಡು, ಸೊಂಟದವರೆಗಿನ ಹಿಮದಲ್ಲಿ ರಸ್ತೆಯತ್ತ ಹೊರಟೆ. ಹೆಂಡತಿ ಹಿಂದೆಯೇ ಬಿದ್ದು ಎದ್ದು ಬಂದಳು. ರಸ್ತೆಯಲ್ಲಿ ಗಾಳಿ ಮುಖಕ್ಕೆ ರಾಚಿದ್ದೇ ಮಗಳು ವಾಂತಿ ಮಾಡಿಕೊಂಡು ಜೋರಾಗಿ ಅತ್ತಳು.

ಅಷ್ಟೊತ್ತಿಗೆ ಆ ದಾರಿಯಲ್ಲಿ ಬಂದ ಹಿಮ ತಳ್ಳುವ ಲಾರಿಯವನು ನಮ್ಮನ್ನು ಹತ್ತಿಸಿಕೊಂಡು ಆಸ್ಪತ್ರೆಯತ್ತ ಹೊರಟ. ಹೆಂಡತಿ ಮಗಳನ್ನು ಕೋಟಿನೊಳಗೆ ಸೇರಿಸಿಕೊಂಡಿದ್ದಳು.

“ಹಿಮ ಗಿಡದ ಹಿಂದನ ಬೀಳತೈತಿ ಅಂತ ನಿಮಗ ಗೊತ್ತಿತ್ತಲ್ರೀ?”

“ಗೊತ್ತಿತ್ತು,” ಎಂದೆ.

ಮಗಳತ್ತ ಕೈ ಚಾಚಿದೆ. ಅವಳು ಕೆನ್ನೆ ಮುಚ್ಚಿಕೊಂಡಳು.