ಮೇಲ್ ಸ್ಟೀಮರಿನ ಗಂಟೆ

ಆ ಹಿತ್ತಾಳೆ ಗಂಟೆಯನ್ನು ನಾನು ಎಷ್ಟು ದ್ವೇಷಿಸಿದ್ದೆ ಅಂದರೆ, ಇವತ್ತಿಗೂ ಯಾರಾದರೂ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನು ಕಂಡರೆ ಮೈ ಉರಿಯುತ್ತದೆ. ಮಸ್ಕತ್ತಿನ ಪಕ್ಕದ ಮತ್ರಾ ಬಂದರಿನಲ್ಲಿದ್ದ ನಮ್ಮ ಶಿಪ್ಪಿಂಗ್ ಏಜೆನ್ಸಿಯ ಮ್ಯಾನೇಜರ್ ಅದನ್ನು ಬೊಂಬಾಯಿಯ ಗುಜರಿ ಅಂಗಡಿಯಿಂದ ತರಿಸಿದ್ದ. ಬ್ರಿಟಿಷರ ಕಾಲದ ಮೇಲ್ ಸ್ಟೀಮರಿನದ್ದಂತೆ. ಬೊಂಬಾಯಿಯಿಂದ ಟಪ್ಪಾಲು ಚೀಲ ಹೊತ್ತು ಕರಾಚಿ, ಮಸ್ಕತ್, ಬಸ್ರಾ ಅಂತ ಓಡಾಡುತ್ತಿದ್ದ ಹಡಗುಗಳು ಅವು. ಎಂಬತ್ತರ ದಶಕದ ನಡುವಿನಲ್ಲಿ ನಾನು ಟೈಪಿಸ್ಟ್ ಆಗಿ ಸೇರುವ ಹೊತ್ತಿಗೆ ಅದೆಲ್ಲ ನಿಂತುಹೋಗಿತ್ತು. ಕಾಗದ ವಿಮಾನದಲ್ಲಿ ಬರುತ್ತಿತ್ತು, ನಾವೂ ವಿಮಾನದಲ್ಲೇ ಬಂದವರು. ಈ ಮನುಷ್ಯನಿಗೆ ಮಾತ್ರ ಆ ಹಡಗಿನ ಹುಚ್ಚು ಬಿಟ್ಟಿರಲಿಲ್ಲ.

ಗಂಟೆಯನ್ನು ಆಫೀಸಿನ ಬಾಗಿಲಲ್ಲೇ ತೂಗುಹಾಕಿಸಿದ. ಯಾರಾದರೂ ತುಸು ತಡವಾಗಿ ಬಂದರೆ ಎದ್ದು ಬಂದು ಢಣಢಣ ಬಾರಿಸುತ್ತಿದ್ದ. "ಮೇಲ್ ಯಾರಿಗೂ ಕಾಯುವುದಿಲ್ಲ" ಅನ್ನುತ್ತಿದ್ದ. ಉಡುಪಿ ಕಡೆಯವನೇ ಮಾರಾಯ್ರೆ, ನನ್ನ ಹಾಗೆ ತುಳು ಮಾತಾಡಿ ಬೆಳೆದವ! ಆದರೆ ಆಫೀಸಿನಲ್ಲಿ ಅವನ ಬಾಯಿಂದ ಒಂದು ತುಳು ಶಬ್ದ ಉದುರಿದ್ದಿಲ್ಲ. ನಮ್ಮ ಜತೆ ಇಂಗ್ಲಿಷು, ಪ್ಯೂನಿನ ಜತೆ ಹಿಂದಿ. ಇಷ್ಟು ವರ್ಷ ಒಮಾನಿನಲ್ಲಿದ್ದು ಅವನಿಗೆ ಬರುತ್ತಿದ್ದ ಅರಬಿ ಅಂದರೆ ನಡಿ ಅನ್ನಲು ಯಲ್ಲಾ, ಮುಗಿಯಿತು ಅನ್ನಲು ಖಲಾಸ್, ಎರಡೇ.

ಅವನ ಮುಖಕ್ಕೆ ಒಂದು ದಿನ ಸರಿಯಾಗಿ ಹೇಳಿ ಹೊರಗೆ ಬೀಳುತ್ತಿದ್ದೆ. ಆದರೆ ಆ ವರ್ಷ ನನ್ನ ಜುಟ್ಟು ಅವನ ಕೈಯಲ್ಲಿತ್ತು. ಮಸ್ಕತ್ತಿನ ಘಾಲಾದಲ್ಲಿ ನನ್ನ ಗಂಡ ಕೆಲಸ ಮಾಡುತ್ತಿದ್ದ ಗ್ಯಾರೇಜು ಮುಚ್ಚಿತು. ವೀಸಾ ಮುಗಿಯುವುದರೊಳಗೆ ಜಾಮೀನು ನಿಲ್ಲುವ ಬೇರೆ ಧಣಿ, ಅಂದರೆ ಕಫೀಲ್, ಸಿಗದಿದ್ದರೆ ಊರಿಗೆ ಹೋಗಲೇಬೇಕು. ನಮ್ಮ ಕಂಪೆನಿಯ ಒಡೆಯ, ನಾವೆಲ್ಲ ಅರ್ಬಾಬ್ ಅನ್ನುತ್ತಿದ್ದ ಒಮಾನಿ ಮುದುಕ, ಒಂದು ಸಹಿ ಹಾಕಿದರೆ ಗಂಡನಿಗೆ ನಮ್ಮ ವರ್ಕ್‌ಶಾಪಿನಲ್ಲೇ ಕೆಲಸ. ಆದರೆ ಅರ್ಬಾಬನ ಮೇಜಿಗೆ ಯಾವ ಕಾಗದ ಹೋಗಬೇಕಾದರೂ ಮ್ಯಾನೇಜರನ ಕೈಯಿಂದಲೇ ಹೋಗಬೇಕು. "ನೋಡೋಣ, ನೋಡೋಣ" ಅಂತ ಸತಾಯಿಸುತ್ತಿದ್ದ.

ಅಷ್ಟರಲ್ಲಿ ಯಾರೋ ಅವನ ಕಿವಿಗೆ ಹಾಕಿದರು, ನನ್ನ ಅಮ್ಮ ಮತ್ರಾಕ್ಕೆ ಬಂದದ್ದು ಮೇಲ್ ಸ್ಟೀಮರಿನಲ್ಲಿ ಅಂತ. ಮ್ಯಾನೇಜರ್ ಅರಳಿಹೋದ. ಗಂಟೆಯನ್ನು ದೊಡ್ಡ ಜನರನ್ನು ಕರೆದು ಉದ್ಘಾಟನೆ ಮಾಡುವ ಯೋಜನೆ ಮೊದಲೇ ಇತ್ತು. ಈಗ ಅದನ್ನು ಬಾರಿಸಲು ಹಳೆಯ ಪ್ರಯಾಣಿಕಳೇ ಸಿಕ್ಕಿದಳಲ್ಲ!

"ನಿಮ್ಮ ತಾಯಿಯನ್ನು ಕರೆದುಕೊಂಡು ಬನ್ನಿ. ಗಂಟೆ ಬಾರಿಸಿ ಎರಡು ಮಾತು ಹೇಳಲಿ, ಅದನ್ನು ಇಂಗ್ಲಿಷಿನಲ್ಲಿ ನಾನೇ ಹೇಳುತ್ತೇನೆ. ಅರ್ಬಾಬ್ ಖುಷಿಯಲ್ಲಿರುವಾಗ ನಿಮ್ಮ ಗಂಡನ ಕಾಗದವನ್ನೂ ಮುಂದಿಡುತ್ತೇನೆ" ಅಂದ.

ಅಪ್ಪ ಒಬ್ಬ ವ್ಯಾಪಾರಿಯ ಮನೆಯ ಅಡುಗೆಗೆ ಅಂತ ಮತ್ರಾಕ್ಕೆ ಬಂದವರು. ಅವರು ತೀರಿಕೊಂಡ ಮೇಲೂ ಅಮ್ಮ ಅದೇ ಓಣಿಯಲ್ಲಿ ಹೆಂಗಸರ ಬಟ್ಟೆ ಹೊಲಿದುಕೊಂಡು ಉಳಿದಿದ್ದರು. ನನ್ನನ್ನು ಓದಿಗೆ ಅಂತ ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಹಡಗಿನ ಮಾತನ್ನು ಅಮ್ಮ ಎತ್ತಿದ್ದೇ ಇಲ್ಲ. ನನಗಿಂತ ಮೊದಲು ಒಬ್ಬ ಅಣ್ಣ ಇದ್ದ, ಬರುವಾಗ ಹಡಗಿನಲ್ಲಿ ಜ್ವರ ಬಂದು ಹೋದ ಅಂತ ಅಪ್ಪ ಒಮ್ಮೆ ಹೇಳಿದ್ದರು, ಅಷ್ಟೆ. ಮತ್ರಾದ ಗುಡ್ಡದ ಹಿಂದೆ ಎಲ್ಲೋ ಮಣ್ಣು ಮಾಡಿರಬೇಕು ಅಂತ ನಾನು ಅಂದುಕೊಂಡಿದ್ದೆ.

"ಬೇಡ ಅಮ್ಮ, ಹುಷಾರಿಲ್ಲ ಅನ್ನುತ್ತೇನೆ" ಅಂದೆ.

"ಅಳಿಯನ ಕೆಲಸ ಇದರಲ್ಲಿ ಉಂಟಲ್ಲ? ಬರುತ್ತೇನೆ."

"ಹಾಗಾದರೆ ಎರಡು ಒಳ್ಳೆಯ ಮಾತು ಹೇಳಿ ಮುಗಿಸಿಬಿಡಿ."

"ಕೇಳಿದರೆ ನಡೆದದ್ದು ಹೇಳುತ್ತೇನೆ" ಅಂದು ಅಮ್ಮ ಮಷಿನ್ ತುಳಿಯತೊಡಗಿದರು.

ಆ ದಿನ ಆಫೀಸಿನ ತುಂಬ ಬಂದರಿನ ಅಧಿಕಾರಿಗಳು, ಗುಜರಾತಿ ವ್ಯಾಪಾರಿಗಳು, ಇಬ್ಬರು ಬಿಳಿ ಕ್ಯಾಪ್ಟನ್ನರು, ಎದುರಿನ ಕುರ್ಚಿಯಲ್ಲಿ ಅರ್ಬಾಬ್. ನಾನು ಹಲ್ವಾದ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಗೋಡೆಗೆ ಆತುಕೊಂಡಿದ್ದರು. ಅಮ್ಮ ಗಂಟೆಯ ಹಗ್ಗವನ್ನು ಮುಟ್ಟಲಿಲ್ಲ. ಮ್ಯಾನೇಜರ್ ತಾನೇ ಬಾರಿಸಿ, "ಹೇಳಿ ಹೇಳಿ" ಅಂತ ಕೈ ಮಾಡಿದ. ಅಮ್ಮ ತುಳುವಿನಲ್ಲಿ ಶುರುಮಾಡಿದರು.

"ಹಡಗು ದೂರದಲ್ಲೇ ಲಂಗರು ಹಾಕಿತು. ಮಗುವಿನ ಮೈ ಕೆಂಡದ ಹಾಗೆ ಸುಡುತ್ತಿತ್ತು. ದಡ ಕಾಣುತ್ತಿತ್ತು. ನಾವು ಅಗ್ಗದ ಟಿಕೇಟಿನ ಡೆಕ್ಕಿನವರು, ನಮ್ಮ ಎದುರು ಹಗ್ಗ ಕಟ್ಟಿದರು. ಇದೇ ಥರದ ಗಂಟೆ ಬಾರಿಸಿ ಮೊದಲು ಟಪ್ಪಾಲಿನ ಚೀಲ ಇಳಿಸಿದರು. ಆ ದೋಣಿಯಲ್ಲಿ ಬೇಕಾದಷ್ಟು ಜಾಗ ಇತ್ತು. ಕೈಮುಗಿದೆ, ಕಾಲು ಹಿಡಿದೆ. ಟಪ್ಪಾಲಿನ ದೋಣಿಯಲ್ಲಿ ಡೆಕ್ಕಿನವರು ಕೂರುವ ಹಾಗಿಲ್ಲ ಅಂದರು. ಆಮೇಲೆ ದೊರೆಗಳು ಇಳಿದರು. ನಮ್ಮ ಸರದಿ ಬರುವಾಗ ಮಗು ಇರಲಿಲ್ಲ."

ಆ ಸಭೆಯಲ್ಲಿ ತುಳು ಗೊತ್ತಿದ್ದವರು ಅಮ್ಮ, ನಾನು, ನನ್ನ ಗಂಡ, ಮತ್ತೆ ಆ ಮ್ಯಾನೇಜರ್. ಅವನ ಮುಖ ಒಂದು ಕ್ಷಣ ಬಿಳಚಿಕೊಂಡಿತು. ಆಮೇಲೆ ಆ ಪಾಪಿ ಟೈ ಸರಿಮಾಡಿಕೊಂಡು ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದ:

"ಆ ದಿನವನ್ನು ಮರೆಯಲಾರೆ ಅನ್ನುತ್ತಿದ್ದಾರೆ. ಎಂಥ ಶಿಸ್ತು! ಮೊದಲು ಮೇಲ್, ಆಮೇಲೆ ಸಾಹೇಬರು, ಆಮೇಲೆ ಉಳಿದವರು. ಯಾರೂ ಸಾಲು ತಪ್ಪುತ್ತಿರಲಿಲ್ಲವಂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ನರು ತಲೆದೂಗಿದರು. ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಸಭೆಯ ಆಚೆ ತುದಿಯಲ್ಲಿದ್ದ ನನ್ನನ್ನು ಕೂಗಿ ಕೇಳಿದರು: "ಮಗಾ, ಇವರು ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆ? ಅವ ಏನು ಹೇಳಿದ?"

ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಬೇಡ ಅಂತ ತಲೆ ಅಲ್ಲಾಡಿಸಿದ್ದೂ ಕಂಡಿತು. ನನಗೆ ಎಲ್ಲಿತ್ತೋ ಸಿಟ್ಟು, ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ, ಅವ ಹೇಳಿದ್ದನ್ನು ಒಂದಕ್ಷರ ಬಿಡದೆ ಅಮ್ಮನಿಗೆ ಹೇಳಿದೆ.

ಅಮ್ಮ ಅವನ ಕಡೆ ತಿರುಗಲಿಲ್ಲ. ಸೀದಾ ಅರ್ಬಾಬನ ಎದುರು ಹೋಗಿ ನಿಂತರು. ಮತ್ರಾದ ಓಣಿಯಲ್ಲಿ ಹೊಲಿಗೆ ಹೊಲಿಯುತ್ತಾ ಕಲಿತ ಅರಬಿಯಲ್ಲಿ ಮಗುವಿನ ಕಥೆಯನ್ನು ಮೊದಲಿನಿಂದ ಹೇಳಿದರು. ಮುದುಕ ಕಾಫಿಯ ಬಟ್ಟಲು ಕೆಳಗಿಟ್ಟ. ಮಗುವನ್ನು ಎಲ್ಲಿ ಮಣ್ಣು ಮಾಡಿದಿರಿ ಅಂತ ಮೆಲ್ಲಗೆ ಕೇಳಿದ. ಅದಕ್ಕೆ ಮಾತ್ರ ಅಮ್ಮ ತಲೆ ತಗ್ಗಿಸಿ ಸುಮ್ಮನಾದರು. ಅರ್ಬಾಬ್ ಎದ್ದ. ಗಂಟೆಯ ಕಡೆ ಬೆರಳು ತೋರಿಸಿ "ಇದನ್ನು ತೆಗೆಯಿರಿ" ಅಂದು ಹೊರಗೆ ನಡೆದ.

ಗಂಟೆ ಗೋಡೌನಿಗೆ ಹೋಯಿತು. ಗಂಡನ ಕಾಗದವೂ ಮ್ಯಾನೇಜರನ ಮೇಜಿನಿಂದ ಮುಂದೆ ಹೋಗಲಿಲ್ಲ. ಕೇಳಲು ಹೋದಾಗ ಅವ ಮೊದಲ ಸಲ ನನ್ನ ಜತೆ ತುಳು ಮಾತಾಡಿದ: "ನಿನ್ನ ಅಮ್ಮನಿಗೆ ಅರಬಿ ಬರುತ್ತದಲ್ಲ, ಅವರೇ ಹೋಗಿ ಕೇಳಲಿ." ಥೂ, ಇಂಥವನ ಬಾಯಲ್ಲಿ ನಮ್ಮ ಭಾಷೆಯೂ ಹೊಲಸಾಯಿತಲ್ಲ ಅನಿಸಿತು. ನೇರ ಅರ್ಬಾಬನ ಮನೆಗೇ ಹೋದೆ. ಅವನು ಚಿಕಿತ್ಸೆಗೆ ಲಂಡನ್ನಿಗೆ ಹೋಗಿದ್ದ. ಹಿಂತಿರುಗುವ ಮೊದಲೇ ಗಂಡನ ವೀಸಾ ಮುಗಿಯಿತು.

ಹೊರಡುವ ದಿನ ಗಂಡ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಇದ್ದರು. ಅಷ್ಟು ದಿನ ನುಂಗಿಕೊಂಡದ್ದೆಲ್ಲ ಹೊರಗೆ ಬಂತು.

"ಸತ್ತ ಮಗುವಿನ ವಿಷಯ ಅಷ್ಟು ಜನರ ಎದುರು ಎತ್ತಬೇಕಿತ್ತಾ ಅತ್ತೆ? ಹೋದದ್ದು ಹೋಯಿತು. ಬದುಕಿದ್ದವರನ್ನು ನೋಡಬೇಕೋ ಬೇಡವೋ?"

ನಾನು ಉರಿದುಬಿದ್ದು ಏನೋ ಹೇಳಹೊರಟೆ. ಅಮ್ಮ ಕೈ ಎತ್ತಿ ತಡೆದರು.

"ಹಡಗಿನಲ್ಲೂ ಇದೇ ಮಾತು ಹೇಳಿದರು" ಅಂದರು. "ಜ್ವರದ ಹೆಣ ದಡಕ್ಕೆ ಒಯ್ಯುವ ಹಾಗಿಲ್ಲ, ಇಲ್ಲೇ ಬಿಟ್ಟು ಇಳಿ, ಬದುಕಿದ್ದವರನ್ನು ನೋಡು ಅಂತ. ನಿಮ್ಮ ಮಾವನೂ ಹಾಗೇ ಅಂದರು. ನಾನು ಬಾಯಿ ಮುಚ್ಚಿಕೊಂಡು, ಆ ಹಗ್ಗದ ಹತ್ತಿರ ಅವನನ್ನು ಮಲಗಿಸಿ ಇಳಿದೆ. ದೋಣಿ ದಡ ಮುಟ್ಟುವಾಗ ಹಡಗು ಹೊರಟಿತ್ತು."

ಗಂಡನ ಕೈ ಹಗ್ಗದ ಮೇಲೆ ಹಾಗೇ ನಿಂತಿತು.

"ಅರ್ಬಾಬ್ ಕೇಳಿದನಲ್ಲ, ಮಗುವನ್ನು ಎಲ್ಲಿ ಮಣ್ಣು ಮಾಡಿದಿರಿ ಅಂತ" ಅಂದರು ಅಮ್ಮ. "ನಾನು ಏನು ಹೇಳಬೇಕಿತ್ತು?"