ಫ್ಲಾರೆನ್ಸಿನಲ್ಲಿ ಬೂಟು ಬಿಚ್ಚಿದವರು

ನಮ್ಮ ಕನ್ನಡ ಸಂಘದ ಸಂಚಿಕೆಗೆ ಫ್ಲಾರೆನ್ಸ್ ಪ್ರವಾಸದ ಬಗ್ಗೆ ನಾಲ್ಕು ಕಿವಿಮಾತು ಬರೆದುಕೊಡಿ ಎಂದು ಕೇಳುತ್ತಲೇ ಇದ್ದಾರೆ. ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ಕನ್ನಡಕ ಸರಿಯಿಲ್ಲ ಎಂದೆ, ಆಮೇಲೆ ಕಣ್ಣಿನ ಪೊರೆ ತೆಗೆಸಬೇಕು ಎಂದೆ. ಪೊರೆ ತೆಗೆಸಿದ್ದಾಯಿತು. ಈಗ ಎಲ್ಲವೂ ಬೇಕಾದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ, ನೆಪ ಮಾತ್ರ ಉಳಿದಿಲ್ಲ.

ಫ್ಲಾರೆನ್ಸಿನ ವಿಷಯದಲ್ಲಿ ನಾನು ಸಂಘದೊಳಗೆ ದೊಡ್ಡ ಪಂಡಿತ. ಓದಿದ್ದು ಎಸ್ಸೆಸ್ಸೆಲ್ಸಿ. ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರ ಉಗ್ರಾಣದಲ್ಲಿ ಬ್ಯಾಂಡೇಜಿನ ಪೆಟ್ಟಿಗೆ ಜೋಡಿಸುತ್ತಾ ರಿಟೈರಾದವನು, ಈಗ ಸ್ಟಾಕ್‌ಪೋರ್ಟಿನಲ್ಲಿದ್ದೇನೆ. ಯುಗಾದಿ ಊಟಕ್ಕೆ ಸೇರಿದರೆ ಸುತ್ತ ಆಸ್ಪತ್ರೆಯ ಕನ್ಸಲ್ಟೆಂಟುಗಳು, ಜಿಪಿ ಡಾಕ್ಟರುಗಳು. ಅವರ ಡ್ಯೂಟಿ ರೋಟಾ, ಮಾರ್ಟ್‌ಗೇಜಿನ ಮಾತಿನ ನಡುವೆ ಹೋಳಿಗೆಗೆ ತುಪ್ಪ ಬಡಿಸುತ್ತಾ ಓಡಾಡುವವನು ನಾನು. ಫ್ಲಾರೆನ್ಸಿಗೆ ಹೋಗಿಬಂದ ಮೇಲೆ ನನಗೊಂದು ಕುರ್ಚಿ ಸಿಕ್ಕಿತು. ಊರಿಂದ ಬಂದ ಒಬ್ಬ ಹಿರಿಯರು ಚರ್ಚಿನ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದ ಕತೆ ನನ್ನ ಬಳಿ ಇತ್ತು. "ಅಂಕಲ್, ಆ ಬೂಟಿನ ಕತೆ ಹೇಳಿ" ಎಂದು ಡಾಕ್ಟರುಗಳೇ ನನ್ನ ಪಕ್ಕಕ್ಕೆ ಬಂದು ಕೂರುತ್ತಿದ್ದರು.

ನಾನೂ ನನ್ನ ಬೀಗರೂ ಅಲ್ಲಿಗೆ ಹೋದದ್ದು ಮಗಳ ಬಾಣಂತನದ ಹೊತ್ತಿಗೆ. ಅವಳ ಮನೆ ಶೆಫೀಲ್ಡಿನಲ್ಲಿ, ಅಳಿಯ ಅಲ್ಲೇ ಡಾಕ್ಟರು. ನನ್ನ ಹೆಂಡತಿಯೂ ಧಾರವಾಡದಿಂದ ಬಂದಿದ್ದ ಬೀಗಿತ್ತಿಯೂ ಮನೆಯನ್ನು ಪೂರ್ತಿ ವಶಕ್ಕೆ ತೆಗೆದುಕೊಂಡಿದ್ದರು. ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ ಹಾಕಿದಾಗಲೆಲ್ಲ ಸ್ಮೋಕ್ ಅಲಾರ್ಮ್ ಕಿರುಚುತ್ತಿತ್ತು. ಆಗ ಅದರ ಕೆಳಗೆ ನಿಂತು ಪೇಪರು ಬೀಸುವುದು ನನಗೂ ಬೀಗರಿಗೂ ಕೊಟ್ಟ ಕೆಲಸ. ಉಳಿದ ಹೊತ್ತು ನಾವಿಬ್ಬರೂ ಅವರ ಕಾಲಿಗೆ ಅಡ್ಡ. ಕೊನೆಗೆ ಮಗಳು ನಮ್ಮಿಬ್ಬರಿಗೂ ಫ್ಲಾರೆನ್ಸಿಗೆ ಟಿಕೆಟ್ ತೆಗೆಸಿದಳು. ಪ್ರೀತಿಯಿಂದ ಕಳಿಸಿದಳೆಂದು ಬೀಗರು ಇವತ್ತಿಗೂ ನಂಬಿದ್ದಾರೆ.

ಬೀಗರು ಧಾರವಾಡದಲ್ಲಿ ಹೆಡ್‌ಮಾಸ್ತರರಾಗಿದ್ದವರು. ಹಣೆಯ ಮೇಲೆ ವಿಭೂತಿಯಿಲ್ಲದೆ ಹೊಸ್ತಿಲು ದಾಟುವವರಲ್ಲ. ಊರಲ್ಲಿ ಬೆಳಿಗ್ಗೆ ಎದ್ದು ತಮ್ಮ ಹಳೇ ಸ್ಕೂಟರ್ ಏರಿ ಗೆಳೆಯರ ಕೂಡ ತಿರುಗಾಡಲು ಹೋಗುವುದು, ಬರುವಾಗ ತರಕಾರಿ ತರುವುದು ಅವರ ರಾಜ್ಯಭಾರ. ನಾನು ಹುಬ್ಬಳ್ಳಿಯಲ್ಲಿ ಅಂಥ ಮಾಸ್ತರರ ಕೈಯಲ್ಲೇ ಛಡಿಯೇಟು ತಿಂದು ಬೆಳೆದವನು. ಬೀಗರಾದವರು ಒಬ್ಬರ ಕಾಲು ಒಬ್ಬರು ಎಳೆಯುವುದು ನಮ್ಮ ಕಡೆ ಪದ್ಧತಿಯೇ. ಆದರೆ ನನ್ನ ಎಳೆತದಲ್ಲಿ ಹಳೇ ಛಡಿಯ ಲೆಕ್ಕವೂ ಸ್ವಲ್ಪ ಸೇರಿತ್ತು.

ಇನ್ನು ಕಿವಿಮಾತು. ಅಲ್ಲಿ ಕಾಫಿಯನ್ನು ಅಂಗಡಿಯ ಕಟ್ಟೆಯ ಬಳಿ ನಿಂತೇ ಕುಡಿಯಿರಿ. ಮೇಜಿಗೆ ಕೂತರೆ ಅದೇ ಕಾಫಿಯ ಬೆಲೆ ಮೇಲೇರುತ್ತದೆ. ಇದನ್ನು ಕೇಳಿ ಬೀಗರು, "ಕುಂಡ್ರಾಕೂ ರೊಕ್ಕಾ ತಗೋತಾರ? ಹಂಗಾದ್ರ ಅಡ್ಡಾದ್ರ ಮನಿ ಬರಕೊಡಬೇಕ್ರೆಪಾ" ಎಂದಿದ್ದರು.

ಅಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮರೆತಿದ್ದಾರೆಂದು ಮಾಣಿಯನ್ನು ಕರೆಯಬೇಡಿ. ಶೇಂಗಾ ಚಟ್ನಿಪುಡಿ ಜೊತೆಗಿರಲಿ. ಆದರೆ ಅದನ್ನು ಬಿಚ್ಚಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂರಬೇಡಿ, ಪೊಲೀಸರು ಬಂದು ಎಬ್ಬಿಸುತ್ತಾರೆ. ನಮ್ಮನ್ನು ಎಬ್ಬಿಸಿದ ಹೆಣ್ಣುಮಗಳಿಗೆ ಬೀಗರು ಒಂದು ರೊಟ್ಟಿ ಚೂರು ಮುಂದೆ ಹಿಡಿದರು. ಅವಳು ತಗೊಳ್ಳಲಿಲ್ಲ, ದಂಡವನ್ನೂ ಹಾಕಲಿಲ್ಲ. ಮ್ಯೂಸಿಯಮ್ಮಿನ ಟಿಕೆಟನ್ನು ಮನೆಯಿಂದಲೇ ಬುಕ್ ಮಾಡಿ ಹೋಗಿ. ಅದಾಗದಿದ್ದರೆ ಆ ಪ್ರಸಿದ್ಧ ಬೆತ್ತಲೆ ಹುಡುಗನ ಶಿಲೆಯ ನಕಲು ಚೌಕದಲ್ಲೇ ನಿಂತಿದೆ, ಪುಕ್ಕಟೆ. ಅದನ್ನು ನೋಡಿ ಅಸಲು ನೋಡಿದೆವೆಂದು ಹೇಳಿದರೆ ಸಂಘದಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ನನ್ನನ್ನು ಮಾಡಿಲ್ಲ.

ಬೂಟಿನ ಸಂಗತಿ ನಡೆದದ್ದು ನದಿ ದಾಟಿದ ಮೇಲೆ, ಒಂದು ಸಣ್ಣ ಚರ್ಚಿನ ಮುಂದೆ. ಬಾಗಿಲಲ್ಲಿ ಬೀಗರು ನಿಂತು ಕೇಳಿದರು, "ಬೀಗರ, ಇಲ್ಲೆ ಕಾಲಾಗಿಂದು ಬಿಡಬೇಕೇನ್ರಿ?"

ಬೇಡ ಎಂದರೆ ಮುಗಿಯುತ್ತಿತ್ತು. ಇಂಗ್ಲೆಂಡಿನಲ್ಲಿ ಇಷ್ಟು ಕಾಲ ಕಳೆದವನಿಗೆ ಚರ್ಚಿನ ರೀತಿ ಗೊತ್ತಿಲ್ಲದಿರಲಿಲ್ಲ. ನಾನು ಗಂಭೀರವಾಗಿ, "ಮತ್ತ? ಗುಡಿ ಅಂದ್ರ ಗುಡೀನ ಅಲ್ರಿ" ಎಂದೆ.

"ನೀವು ಬಿಡವಲ್ರಿ?"

"ನನಗ ಮಣಕಾಲ ಬ್ಯಾನಿ, ಬಗ್ಗಾಕ ಆಗೂದಿಲ್ಲ. ಅಂಥವರಿಗೆ ಮಾಫಿ ಐತಿ."

ಅವರು ಬಗ್ಗಿ ಬಿಚ್ಚಿದರು. ಮಗ ಶೆಫೀಲ್ಡಿನಲ್ಲಿ ಕೊಡಿಸಿದ್ದ ಹೊಸ ಬೂಟುಗಳನ್ನು ಗೋಡೆಗೆ ಒತ್ತಿ ಸಾಲಾಗಿ ಇಟ್ಟರು. ಇನ್ನೊಂದು ನಿಮಿಷಕ್ಕೆ ತಮಾಷೆ ಎಂದು ಹೇಳಿ ನಗಬೇಕೆಂದಿದ್ದೆ. ಅಷ್ಟರಲ್ಲಿ ಒಳಗೆ ಹೋದವರು ಗೋಡೆಯ ಮೇಲಿನ ಸಂತರ ಚಿತ್ರಗಳ ಮುಂದೆ ಕೈಮುಗಿದು ನಿಂತುಬಿಟ್ಟರು. "ನೋಡ್ರಿ, ಇವರೆಲ್ಲಾರೂ ಬರಿಗಾಲಾಗ ಅದಾರ" ಎಂದು ಮೆಲ್ಲಗೆ ಹೇಳಿದರು. ತಾವು ಮಾಡಿದ್ದು ಸರಿ ಎಂಬುದಕ್ಕೆ ಅವರಿಗೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ನಾನೂ ಪಕ್ಕದಲ್ಲಿ ಬೂಟುಗಾಲಲ್ಲೇ ಕೈಮುಗಿದೆ.

ಹೊರಗೆ ಬಂದಾಗ ಬೂಟು ಇರಲಿಲ್ಲ. ಯಾರಾದರೂ ಹಾಕಿಕೊಂಡು ಹೋದರೋ, ಕಸದವರು ಎತ್ತಿಕೊಂಡರೋ ಗೊತ್ತಿಲ್ಲ. ಬೀಗರು ಕಾಲುಚೀಲದಲ್ಲೇ ಆ ತಣ್ಣನೆಯ ಕಲ್ಲುಬೀದಿಯಲ್ಲಿ ನಡೆದು ಬಂದರು. ದಾರಿಯಲ್ಲಿ ಇನ್ನೊಂದು ಚರ್ಚು ಸಿಕ್ಕಿತು. ಬೂಟು ಹಾಕಿಕೊಂಡವರು ಒಳಗೆ ಹೋಗಿ ಬರುತ್ತಿದ್ದರು. ಅದನ್ನು ನೋಡಿದರು, ನನ್ನನ್ನು ನೋಡಿದರು, ಮುಂದೆ ನಡೆದರು. ನದಿಯ ಹತ್ತಿರ ಪ್ರವಾಸಿಗರಿಗೆ ಮಾರುವ ರಬ್ಬರ್ ಚಪ್ಪಲಿ ಕೊಂಡೆವು. ಎರಡರ ಮೇಲೂ ಆ ಊರಿನ ದೊಡ್ಡ ಚರ್ಚಿನ ಗುಮ್ಮಟದ ಚಿತ್ರ. ಅದನ್ನೇ ಮೆಟ್ಟಿಕೊಂಡು ಹೆಡ್‌ಮಾಸ್ತರರು ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ಇಳಿದರು.

ಮನೆಯಲ್ಲಿ ಚಹಾಕ್ಕೆ ಕೂತಾಗ ಅಳಿಯ ಚಪ್ಪಲಿ ನೋಡಿ ಕೇಳಿದರು. ಬೀಗರು ನಡೆದದ್ದು ಹೇಳಿದರು, ನನ್ನ ಮಾತೊಂದನ್ನು ಬಿಟ್ಟು.

"ಅಪ್ಪಾ, ಚರ್ಚಿನಾಗ ಯಾಕ ಬಿಚ್ಚಿದಿ?"

ಬೀಗರು ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತು ಕಾದರು ಕೂಡ. ನಾನು ಚಹಾ ಊದುತ್ತಾ ಕೂತೆ. ನನ್ನ ಜೀವಮಾನದಲ್ಲಿ ಚಹಾ ಅಷ್ಟು ಬಿಸಿ ಎಂದೂ ಇರಲಿಲ್ಲ.

"ಗುಡಿ ಅಂತ ತಿಳದ್ನೋ. ಎಲ್ಲಿ ಅದೀನಿ ಅನ್ನೂದ ಮರತ್ಬಿಟ್ಟೆ" ಎಂದರು.

ನನ್ನ ಮಾನ ಉಳಿಸಲು ಆಡಿದ ಮಾತು. ಆದರೆ ಮರೆತೆ ಎಂಬುದನ್ನು ಡಾಕ್ಟರಾದ ಮಗನ ಮುಂದೆ ಆಡಬಾರದಿತ್ತು. ಮರುದಿನವೇ ಅಳಿಯ ಮರೆವಿನ ಪರೀಕ್ಷೆಗೆಂದು ಒಂದು ಹಾಳೆ ತಂದು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಬಾ, ಹೀಗೆ. ಬದುಕೆಲ್ಲ ಮಕ್ಕಳಿಗೆ ಪ್ರಶ್ನೆ ಹಾಕಿದವರು ಕೈಕಟ್ಟಿ ಕೂತು ಉತ್ತರ ಹೇಳಿದರು. ಎಲ್ಲವೂ ಸರಿ ಇದ್ದವು. "ಆದ್ರೂ ಒಂದು ಕಣ್ಣು ಇಟ್ಟಿರಬೇಕು" ಎಂದರು ಅಳಿಯ. ನಾನು ಸೋಫಾದ ಮೇಲೆ ಪೇಪರಿನ ಹಿಂದೆ ಇದ್ದೆ.

ಆ ಒಂದು ಕಣ್ಣು ಧಾರವಾಡದವರೆಗೂ ಹೋಯಿತು. ಮಗನ ಒತ್ತಾಯಕ್ಕೆ ಮೊದಲು ಸ್ಕೂಟರ್ ಒಬ್ಬ ಸಂಬಂಧಿಕರ ಪಾಲಾಯಿತು. ಬ್ಯಾಂಕಿಗೆ ಒಬ್ಬರೇ ಹೋಗುವುದು ನಿಂತಿತು. ಬೆಳಗಿನ ತಿರುಗಾಟ ಈಗ ಮನೆಯ ಟೆರೇಸಿನ ಮೇಲೆ.

ನಾನು ಮಾತ್ರ ಸಂಘದಲ್ಲಿ ಕತೆ ಹೇಳುತ್ತಾ ಹೋದೆ. ಹೇಳಿದಾಗೊಮ್ಮೆ ಹೊಸ ಉಪ್ಪುಖಾರ. ಪಾದ್ರಿ ಅಟ್ಟಿಸಿಕೊಂಡು ಬಂದರೆಂದೂ ಸೇರಿಸಿದ್ದೆ, ಅಲ್ಲಿ ಪಾದ್ರಿಯೇ ಇರಲಿಲ್ಲ. ಒಮ್ಮೆ ರಾಜ್ಯೋತ್ಸವದ ಊಟದಲ್ಲಿ ಎಲ್ಲರೂ ನಗುತ್ತಿದ್ದಾಗ ಅಳಿಯ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ನೀವು ಹೇಳ್ರಿ ಮಾವಾ, ನನಗ ನಗು ಬರೂದಿಲ್ಲ. ಅಪ್ಪನ ಮರವಿಂದು ಫಸ್ಟ್ ಸೈನ್ ಅದಽ ಆಗಿತ್ತು." ಆಗಲೂ ಬಾಯಿ ಬಿಡಲಿಲ್ಲ. ಬಾಯಲ್ಲಿ ಪಾಯಸವಿತ್ತು.

ಮೊನ್ನೆ ಬೀಗರು ಫೋನ್ ಮಾಡಿದ್ದರು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬರುವ ಆಸೆ. ಬೀಗಿತ್ತಿಗೆ ಈಗ ಅಷ್ಟು ದೂರದ ಪ್ರಯಾಣ ಆಗದು. ಇವರೊಬ್ಬರೇ ಬರಬೇಕು, ಮಗ ಬೇಡ ಎನ್ನುತ್ತಾನೆ. "ಬೂಟ ಬಿಟ್ಟು ಬಂದಾಂವ ಪಾಸ್‌ಪೋರ್ಟ್ ಬಿಟ್ಟು ಬರೂದಿಲ್ಲ ಅಂತ ಏನು ಗ್ಯಾರಂಟಿ, ಅಲ್ರಿ?" ಎಂದು ನಕ್ಕರು. ಕೇಳಿದ್ದು ನನ್ನನ್ನೇ. ನಾನೂ ನಕ್ಕೆ, ಇಲ್ಲಿಯ ಹವೆಯ ಬಗ್ಗೆ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಈ ಬರಹಕ್ಕೆ ಕೂತಿದ್ದೇನೆ. ಅಳಿಯನಿಗೆ ಸಂಚಿಕೆ ಅಂಚೆಯಲ್ಲಿ ಹೋಗುತ್ತದೆ, ಓದಲಿ.

ಕೊನೆಯ ಕಿವಿಮಾತು: ಫ್ಲಾರೆನ್ಸಿನ ಚರ್ಚುಗಳಲ್ಲಿ ಭುಜ ಮುಚ್ಚಿರಬೇಕು, ಬೂಟು ಕಾಲಲ್ಲೇ ಇರಬೇಕು. ಬಿಚ್ಚಿರಿ ಎಂದವನು ನಾನು. ಬಿಚ್ಚಿದವರು ಏನನ್ನೂ ಮರೆತಿರಲಿಲ್ಲ, ನನ್ನ ಮಾತನ್ನಂತೂ ಮರೆತೇ ಇರಲಿಲ್ಲ. ನೀವೆಲ್ಲ ಇಷ್ಟು ಕಾಲ ನಕ್ಕ, ನಾನು ಇನ್ನೂ ಕ್ಷಮೆ ಕೇಳಿರದ ಆ ಹಿರಿಯರು ನನ್ನ ಬೀಗರು.