ಮಗ್ಗದ ಸದ್ದಿನೊಳಗೆ ಹೇಳಿದ ಮಾತು

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ತುಟಿ ನೋಡಿದರೆ ಮಾತು ತಿಳಿಯುತ್ತದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವಾಗ ಕಿವಿ ಇದ್ದೂ ಇಲ್ಲದಂತೆ. ಆ ತುದಿಯಿಂದ ಮಗ ‘ಚಹಾ’ ಎಂದು ತುಟಿ ಆಡಿಸಿದರೆ, ಕಂಡಿಕೆಗೆ ನೂಲು ಸುತ್ತುತ್ತ ಕುಳಿತ ನಾನು ‘ಈಗರ ಕುಡದೆಲ್ಲ’ ಎಂದು ತುಟಿಯಲ್ಲೇ ಬೈಯುತ್ತೇನೆ.

ನನ್ನ ಮೊಮ್ಮಗ ಇದನ್ನು ಮರೆತಿದ್ದ. ಊರೂರು ತಿರುಗುವ ಹಾಡುಗಾರ ಅವನು. ಗಿಟಾರ್, ಡ್ರಮ್ ಇಟ್ಟುಕೊಂಡು ಯೇಸುವಿನ ಹಾಡನ್ನು ಗಂಟಲು ಹರಿಯುವಂತೆ ಹಾಡುತ್ತಾನೆ. ಅದಕ್ಕೆ ರಾಕ್ ಅನ್ನುತ್ತಾರಂತೆ. ಜಮಖಂಡಿಯ ಚರ್ಚಿನಲ್ಲಿ ಮೊದಲ ಸಲ ಹಾಡಿದಾಗ ಹಿರಿಯರೆಲ್ಲ ಕಿವಿ ಮುಚ್ಚಿಕೊಂಡರು. ನನಗೆ ಮಾತ್ರ ಮನೆಯಲ್ಲೇ ಕುಳಿತಂತಿತ್ತು. ಆಮೇಲೆ ಮುಧೋಳ, ಬೆಳಗಾವಿ, ಗೋವಾ ಎಂದು ಕರೆ ಬರತೊಡಗಿತು. ನನಗೆ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದವನೂ ಅವನೇ. ನಾನು ಅವನಿಗೆ ಮೊದಲು ಕಳಿಸಿದ್ದು, ‘ಕೂದಲಾ ತಗಿಸು.’

ಮದುವೆಯ ಮಾತು ಬಂದಾಗಲೆಲ್ಲ ಕಾರ್ಯಕ್ರಮದ ನೆಪ ಹೇಳುತ್ತಿದ್ದ. ಕಳೆದ ಸಲ ಊರಿಗೆ ಬಂದಾಗ, ಶನಿವಾರ, ಮಗ್ಗ ಓಡುತ್ತಿರುವಾಗಲೇ ನನ್ನೆದುರು ಕುಕ್ಕರುಗಾಲಲ್ಲಿ ಕೂತ. ಯಾರಿಗೂ ಕೇಳದೆಂದು ಧೈರ್ಯ.

“ಆಯಿ, ನಾ ಹುಡುಗೀನ ಮದುವಿ ಆಗಂಗಿಲ್ಲ. ನನ್ನ ಮನಸ ಗಂಡಸರ ಮ್ಯಾಲ ಹೋಗತೈತಿ. ಮೊದಲಿಂದಾನೂ ಹಂಗ.”

“ದೇವರಿಗೆ ಹೇಳೀಯೇನು?”

“ದಿನಾ ಹೇಳತೇನಿ. ಅಂವ ಬೈದಿಲ್ಲ. ನಾಳಿ ಚರ್ಚಿನ್ಯಾಗ ಹಾಡು ಮುಗದ ಮ್ಯಾಲ ಎಲ್ಲಾರ ಮುಂದ ಹೇಳಾಂವ ಅದೇನಿ. ಸುಳ್ಳ ಹೊತಗೊಂಡ ಹಾಡಾಕ ಆಗವಲ್ದು.”

ನನ್ನ ಕೈಯಲ್ಲಿ ಎಳೆ ಹರಿಯಿತು. ಇದನ್ನು ಹೇಳಿದ ಮೇಲೆ ಯಾವ ಚರ್ಚೂ ಅವನನ್ನು ಹಾಡಲು ಕರೆಯುವುದಿಲ್ಲ. ಅದು ಹೋಗಲಿ. ಮನೆಯವರೇ ಹೊರಗೆ ಹಾಕಿದರೆ ಎಲ್ಲಿಗೆ ಹೋದಾನು? ಹೊಳೆ ಇಲ್ಲೇ ಹತ್ತಿರ.

ತಲೆ ಎತ್ತಿದೆ. ಆ ತುದಿಯ ಮಗ್ಗದ ಹಿಂದೆ ನನ್ನ ಮಗ ನಿಂತಿದ್ದ, ಇವನ ಅಪ್ಪ, ಚರ್ಚಿನ ಹಿರಿಯನೂ ಹೌದು. ನೇಯುತ್ತಿದ್ದ ಸೀರೆ ನೋಡುತ್ತಿರಲಿಲ್ಲ. ಇವನ ತುಟಿ ನೋಡುತ್ತಿದ್ದ. ನನ್ನ ಕಣ್ಣು ತಾಗಿದ್ದೇ ತಡ, ಬಗ್ಗಿ ಎಳೆ ಕಟ್ಟತೊಡಗಿದ.

ಕರೆಂಟ್ ಹೋಗದಿರಲಿ ಎಂದು ಜೀವನದಲ್ಲಿ ಅಷ್ಟು ಬೇಡಿಕೊಂಡದ್ದಿಲ್ಲ. ಮಗ್ಗ ಓಡುವತನಕ ಯಾರೂ ಯಾರ ಮೇಲೂ ಕೂಗುವಂತಿಲ್ಲ. ನೂಲು ಮುಗಿದು ಮಗ್ಗ ನಿಲ್ಲಬಾರದೆಂದು ಮಗ ಕೇಳುವ ಮೊದಲೇ ಕಂಡಿಕೆ ಒಯ್ದು ಕೊಟ್ಟೆ. ಕೇಳದೆ ಚಹಾ ಕೊಟ್ಟೆ. ಇಷ್ಟು ಸೇವೆ ನನ್ನ ಗಂಡನಿಗೂ ಮಾಡಿರಲಿಲ್ಲ. ಮಗ ಮುಖ ಎತ್ತಲಿಲ್ಲ.

ಮಧ್ಯಾಹ್ನ ಕರೆಂಟ್ ಹೋಯಿತು.

ಮಗ ಕೈ ಒರೆಸಿಕೊಂಡು ಎದ್ದು ಬಂದ. ಅಪ್ಪ ತುಟಿ ಓದಿದ್ದಾನೆಂದು ನನ್ನ ಮುಖ ನೋಡಿಯೇ ಮೊಮ್ಮಗನಿಗೆ ತಿಳಿದುಹೋಯಿತು. ಅವನೂ ಎದ್ದು ನಿಂತ. ಇಬ್ಬರ ನಡುವೆ ಹೋಗಿ ನಿಂತೆ. ಇಬ್ಬರ ಎದೆಮಟ್ಟಕ್ಕೂ ಬರುವುದಿಲ್ಲ ನಾನು.

“ಕೈ ಎತ್ತಿದ್ರ ನೋಡು ಮತ್ತ.”

“ಅತ್ತಾಗ ಸರೀಬೇ ಯವ್ವಾ. ಕೈ ಯಾರ ಎತ್ತತಾರ?” ಎಂದ ಮಗ. ಆಮೇಲೆ ಮೊಮ್ಮಗನ ಕಡೆ ತಿರುಗಿದ. “ನಾಳಿ ಎಲ್ಲಾರ ಮುಂದ ಹೇಳಾಂವನ ಏನಲೇ?”

“ಹೂಂ, ಅಪ್ಪಾ.”

“ನಿಮ್ಮವ್ವಗ ಹೇಳೀಯೇನು?”

“ಇಲ್ಲ.”

“ಮೊದಲ ಆಕಿಗೆ ಹೇಳು. ಆಕಿ ಬೀಳಗಿ ಒಕ್ಕಲತನದ ಮನಿ ಮಗಳು, ತುಟಿ ತಿಳಿಯಂಗಿಲ್ಲ ಆಕಿಗೆ. ಬಾಯಿಬಿಟ್ಟ ಹೇಳಬೇಕಾಗತೈತಿ.” ಒಳಬಾಗಿಲ ಕಡೆ ನೋಡಿದ. “ನಾ ಹೇಳಬೇಕಂದ್ರ ನನಗ ಅಂಜಿಕಿ ಬರತೈತಿ.”

ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮೊಮ್ಮಗ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಬಡಿಯುವುದು ನಿಂತಿತು.

ಮಗ ನನ್ನ ಕೈ ಹಿಡಿದುಕೊಂಡ. ತಲೆಯ ಮೇಲಿನ ಬಲ್ಬು ಹತ್ತಿತು, ಕರೆಂಟ್ ಬಂದಿತ್ತು. ಒಳಗೆ ಮೊಮ್ಮಗ ಇನ್ನೂ ಮಾತಾಡುತ್ತಿದ್ದ. ನಾವಿಬ್ಬರೂ ಮಗ್ಗ ಹಚ್ಚಲಿಲ್ಲ.